ಕೂಲರ್, ಕಿಟಕಿ ಎಸಿ, ಸ್ಪ್ಲಿಟ್ ಎಸಿ: ಕಲಬುರಗಿಯ ಒಂದೇ ಮನೆಯಲ್ಲಿ ಮೂರರ ಪಾಡು

ಏಪ್ರಿಲ್ ಬಂತೆಂದರೆ ನಮ್ಮ ಕಡೆ ಸರ್ಕಾರಿ ಕಚೇರಿಗಳೇ ಬೆಳಿಗ್ಗೆ ಎಂಟಕ್ಕೆ ತೆರೆದು ಮಧ್ಯಾಹ್ನ ಒಂದೂವರೆಗೆ ಬಾಗಿಲು ಹಾಕುತ್ತವೆ. ಆಮೇಲೆ ಊರೆಲ್ಲ ಮನೆ ಸೇರುತ್ತದೆ. ಮನೆಯೋ, ಕೆಳಗೆ ಶಹಾಬಾದ್ ಕಲ್ಲು, ಮೇಲೆ ದಿನವಿಡೀ ಕಾದ ಆರ್‌ಸಿಸಿ ಚಾವಣಿ. ರಾತ್ರಿ ಹನ್ನೊಂದಕ್ಕೆ ಪಶ್ಚಿಮದ ಗೋಡೆ ಮುಟ್ಟಿದರೂ ಆಗಷ್ಟೇ ಒಲೆಯಿಂದ ಇಳಿಸಿದ ರೊಟ್ಟಿ ಹಂಚಿನ ನೆನಪಾಗುತ್ತದೆ. ಈ ಮನೆಯಲ್ಲಿ ಇಷ್ಟು ವರ್ಷಗಳಲ್ಲಿ ನಾನು ಮೂರು ಯಂತ್ರಗಳನ್ನು ಸಾಕಿದ್ದೇನೆ: ತಗಡಿನ ಮೈಯ ಡೆಸರ್ಟ್ ಕೂಲರ್, ಕಿಟಕಿಗೆ ಕೂರಿಸುವ ಒಂದೂವರೆ ಟನ್ನಿನ (ತೂಕವಲ್ಲ, ತಂಪು ಮಾಡುವ ಶಕ್ತಿಯ ಅಳತೆ) ಎಸಿ, ಅದಾದ ಮೇಲೆ ಅಷ್ಟೇ ಟನ್ನಿನ ಇನ್ವರ್ಟರ್ ಸ್ಪ್ಲಿಟ್ (ಒಂದು ಘಟಕ ಒಳಗೆ, ಒಂದು ಹೊರಗೆ; ಅಗತ್ಯಕ್ಕೆ ತಕ್ಕಂತೆ ತನ್ನ ವೇಗ ತಾನೇ ಏರಿಳಿಸುವ ಎಸಿ). ಯಾವುದು ಹೆಚ್ಚು ತಂಪು ಎಂದು ಎಲ್ಲರೂ ಕೇಳುತ್ತಾರೆ. ಯಾವುದು ಹೇಗೆ ಕೆಡುತ್ತದೆ, ಕೆಟ್ಟಾಗ ನಮ್ಮ ಕೈಯಲ್ಲಿ ಎಷ್ಟು ಆಗುತ್ತದೆ ಎಂದು ಕೊಳ್ಳುವ ಮೊದಲು ಯಾರೂ ಕೇಳುವುದಿಲ್ಲ. ನಾನೂ ಕೇಳಿರಲಿಲ್ಲ.

ಮೊದಲು ಬಂದದ್ದು ಕೂಲರ್. ತಂದವನೇ ಮಲಗುವ ಕೋಣೆಯ ಮೂಲೆಯಲ್ಲಿಟ್ಟು, ತಂಪು ಹೊರಹೋಗದಿರಲಿ ಎಂದು ಕಿಟಕಿಗಳನ್ನೆಲ್ಲ ಮುಚ್ಚಿದೆ. ಅರ್ಧ ಗಂಟೆಗೆ ಹಾಸಿಗೆಯೇ ಜಿಗುಟಾಯಿತು. "ತಮ್ಮಾ, ಬಿಸಿಲಿನ ಸೆಕೆ ಹೋಯಿತು, ನೀರಿನ ಸೆಕೆ ಬಂತು" ಎಂದಳು ಅವ್ವ. ಅವಳು ಹೇಳಿದ್ದು ಸರಿಯಾಗಿತ್ತು. ಕೂಲರ್ ತಂಪು ಮಾಡುವುದು ನೀರನ್ನು ಆವಿ ಮಾಡಿ. ಅದಕ್ಕೆ ಒಳಬರಲು ಒಣಗಾಳಿ ಬೇಕು, ಹೊರಹೋಗಲು ದಾರಿ ಬೇಕು. ಮರುದಿನ ಕಬ್ಬಿಣದ ಸ್ಟ್ಯಾಂಡ್ ಮಾಡಿಸಿ ಕಿಟಕಿಯ ಹೊರಗೆ ನಿಲ್ಲಿಸಿದೆ, ಎದುರು ಕಿಟಕಿಯನ್ನು ನಾಲ್ಕು ಬೆರಳು ತೆರೆದಿಟ್ಟೆ. ಹೊರಗೆ 42 ಡಿಗ್ರಿ ಇದ್ದ ಮಧ್ಯಾಹ್ನ ಕೂಲರಿನ ಬಾಯಿಯಲ್ಲಿ ಥರ್ಮಾಮೀಟರ್ ಹಿಡಿದರೆ 28 ತೋರಿಸಿತು. ಕೂಲರ್ ಕೆಲಸ ಮಾಡುತ್ತಿಲ್ಲ ಎನ್ನುವವರ ಮನೆಗೆ ಹೋದಾಗ ನಾನು ಮೊದಲು ನೋಡುವುದು ಯಂತ್ರವನ್ನಲ್ಲ, ಕಿಟಕಿಯನ್ನು.

ಅದರ ಉಳಿದ ಕಾಯಿಲೆಗಳೆಲ್ಲ ಕಣ್ಣಿಗೆ ಕಾಣುವಂಥವು. ನಮ್ಮ ಬೋರ್‌ವೆಲ್ ನೀರು ಗಡಸು. ಒಂದು ತಿಂಗಳಲ್ಲಿ, ಗಾಳಿ ಹಾದುಬರುವ ಒದ್ದೆ ಪ್ಯಾಡಿನ ಮೇಲೆ ಬಿಳಿ ಪದರ ಕೂರುತ್ತದೆ, ಮೇಲಿನ ಕೊಳವೆಯ ತೂತುಗಳು ಒಂದೊಂದಾಗಿ ಕಟ್ಟಿಕೊಳ್ಳುತ್ತವೆ. ಪ್ಯಾಡಿನ ಒಂದು ಭಾಗ ಒಣಗಿದರೆ ಆ ಭಾಗದಿಂದ ಬಿಸಿಗಾಳಿಯೇ ಬರುತ್ತದೆ. ತೂತು ಬಿಡಿಸಲು ಒಂದು ಗುಂಡುಸೂಜಿ ಸಾಕು. ಪಂಪು ನಿಂತರೆ ಸುಟ್ಟುಹೋಯಿತೆಂದು ಎಸೆಯಬೇಡಿ. ಕೆಳಗಿನ ಮುಚ್ಚಳ ಬಿಚ್ಚಿದರೆ ಪುಟ್ಟ ಚಕ್ರಕ್ಕೆ ಹುಲ್ಲಿನ ಎಳೆಯೊಂದು ಸುಣ್ಣದ ಸಮೇತ ಸುತ್ತಿಕೊಂಡಿರುತ್ತದೆ. ನಾನು ವಿನೆಗರ್ ಬೆರೆಸಿದ ನೀರಿನಲ್ಲಿ ರಾತ್ರಿಯಿಡೀ ನೆನೆಸಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ, ಒಂದೇ ಪಂಪನ್ನು ಐದು ಬೇಸಿಗೆ ಓಡಿಸಿದ್ದೇನೆ. ಹುಲ್ಲಿನ ಪ್ಯಾಡು ಅಗ್ಗ, ಆದರೆ ವರ್ಷಕ್ಕೊಮ್ಮೆ ಬದಲಿಸಬೇಕು, ಕೊಳೆತರೆ ಕೆಸರಿನ ವಾಸನೆ. ಜೇನುಗೂಡಿನಂಥ ಪ್ಯಾಡು ಎರಡು ಮೂರು ವರ್ಷ ಬರುತ್ತದೆ. ಲಾವಂಚ ಹಾಕಿದರೆ ಮೊದಲ ವಾರ ಮನೆಯೆಲ್ಲ ಘಮ್ಮೆನ್ನುತ್ತದೆ, ಆಮೇಲೆ ಅದೂ ಹುಲ್ಲೇ.

ಒಂದು ವಿಷಯದಲ್ಲಿ ಮಾತ್ರ ತಮಾಷೆ ಬೇಡ. ತಗಡಿನ ಮೈ, ಒಳಗೆ ನೀರು, ನೀರಿನಲ್ಲಿ ವಿದ್ಯುತ್ ಪಂಪು. ಒಮ್ಮೆ ಒದ್ದೆ ಕೈಯಲ್ಲಿ ನೀರು ತುಂಬಲು ಹೋದ ಹೆಂಡತಿಗೆ ಜುಮ್ಮೆಂದಿತು. ನೋಡಿದರೆ ಮೂರು ಪಿನ್ನಿನ ಪ್ಲಗ್ಗಿನಲ್ಲಿ ಅರ್ತ್ ತಂತಿಯನ್ನು ಜೋಡಿಸಿಯೇ ಇರಲಿಲ್ಲ. ಅಂದೇ ಎಲೆಕ್ಟ್ರಿಷಿಯನ್ ಕರೆಸಿ ಅರ್ತ್ ಸರಿಪಡಿಸಿ, 30 ಮಿಲಿಆಂಪಿಯರಿನ ಆರ್‌ಸಿಸಿಬಿ (ವಿದ್ಯುತ್ ಸೋರಿದೊಡನೆ ತಾನೇ ಸಂಪರ್ಕ ಕಡಿಯುವ ಸ್ವಿಚ್ಚು) ಹಾಕಿಸಿದೆ. ನೀರು ತುಂಬುವಾಗ ಪ್ಲಗ್ಗನ್ನೇ ಕಿತ್ತಿಡುವುದು ಈಗ ಮನೆಯ ನಿಯಮ. ವಾರಕ್ಕೊಮ್ಮೆ ತೊಟ್ಟಿ ಖಾಲಿ ಮಾಡಿ ಉಜ್ಜದಿದ್ದರೆ ಡೆಂಗಿಯ ಸೊಳ್ಳೆಗೆ ನಾವೇ ಕೊಳ ಕಟ್ಟಿಕೊಟ್ಟಂತೆ, ಅದೂ ಇರಲಿ.

ಕಿಟಕಿ ಎಸಿ ಬಂದದ್ದು ಅಪ್ಪನಿಗೆ ಮಳೆಗಾಲದ ಸೆಕೆ ತಡೆಯದಾದಾಗ. ಜೂನಿನಲ್ಲಿ ಮಳೆ ಶುರುವಾದ ದಿನವೇ ಕೂಲರ್ ಬರೀ ಫ್ಯಾನ್ ಆಗಿಬಿಡುತ್ತದೆ. ಹೊರಗಿನ ಗಾಳಿಯಲ್ಲೇ ನೀರು ತುಂಬಿರುವಾಗ ಅದು ಆವಿ ಮಾಡುವುದಾದರೂ ಏನನ್ನು? (ಮಂಗಳೂರಿನಲ್ಲಿರುವ ಭಾವ ಕೂಲರ್ ಕೊಳ್ಳಲೇ ಎಂದು ಕೇಳಿದಾಗ ಬೇಡವೇ ಬೇಡ ಎಂದದ್ದು ಇದೇ ಕಾರಣಕ್ಕೆ.) ಎಸಿ ಮೂರು ವರ್ಷ ಚೆನ್ನಾಗಿಯೇ ನಡೆಯಿತು. ನಾಲ್ಕನೆಯ ಮೇ ತಿಂಗಳಲ್ಲಿ ಸಂಜೆಯಾದರೆ ತಂಪು ಇಲ್ಲ. ಫ್ಯಾನ್ ತಿರುಗುತ್ತದೆ, ಒಳಗಿನಿಂದ "ಹೂಂ" ಎಂಬ ಗುನುಗು, ಹತ್ತು ಸೆಕೆಂಡಿಗೆ ಟಪ್ ಎಂದು ನಿಲ್ಲುತ್ತದೆ. ಮೆಕ್ಯಾನಿಕ್ ಬೆಳಿಗ್ಗೆ ಬಂದ, "ಗ್ಯಾಸ್ ಹೋಗಿದೆ ಸರ್" ಎಂದು ತುಂಬಿ, 2,800 ರೂಪಾಯಿ ತೆಗೆದುಕೊಂಡು ಹೋದ. ಬೆಳಿಗ್ಗೆ ತಂಪಾಗಿಯೇ ಇತ್ತು. ಸಂಜೆ ಮತ್ತೆ "ಹೂಂ", ಮತ್ತೆ ಟಪ್.

ಎರಡನೆಯ ಸಲ ಬಂದವರು ವಯಸ್ಸಾದ ಒಬ್ಬರು. ಉಪಕರಣ ಹೊರತೆಗೆಯುವ ಮೊದಲು ಅವರು ಕೇಳಿದ್ದು ಒಂದೇ ಪ್ರಶ್ನೆ: "ಯಾವ ಹೊತ್ತಿನಲ್ಲಿ ಕೈಕೊಡುತ್ತದೆ?" ಸಂಜೆ ಎಂದೆ. ಗ್ಯಾಸ್ ಕಡಿಮೆಯಾದರೆ ಅದು ಗಡಿಯಾರ ನೋಡುವುದಿಲ್ಲ ಎಂದು ನಕ್ಕರು. ಸಂಜೆ ಊರೆಲ್ಲ ಎಸಿ ಹಾಕಿದಾಗ ವೋಲ್ಟೇಜ್ ಇಳಿಯುತ್ತದೆ, ಗ್ಯಾಸನ್ನು ಒತ್ತಿ ಸುತ್ತಿಸುವ ಕಂಪ್ರೆಸರನ್ನು ಶುರುಮಾಡಲು ನೆರವಾಗುವ ಕೆಪಾಸಿಟರ್ ಸೋತಿದ್ದರೆ ಆಗ ಅದನ್ನು ಎಬ್ಬಿಸಲಾರದು. ಬಿಚ್ಚಿ ತೋರಿಸಿದರು: ಅಲ್ಯೂಮಿನಿಯಂ ಡಬ್ಬಿಯ ತಲೆ ಹೋಳಿಗೆಯಂತೆ ಉಬ್ಬಿತ್ತು. ಹೊಸದಕ್ಕೆ ಕೂಲಿ ಸೇರಿ 600 ರೂಪಾಯಿ. ಕೆಪಾಸಿಟರ್ ಪ್ಲಗ್ ಕಿತ್ತ ಮೇಲೂ ವಿದ್ಯುತ್ ಹಿಡಿದಿಟ್ಟುಕೊಂಡಿರುತ್ತದೆ. ಆದ್ದರಿಂದ ಈ ಕೆಲಸವನ್ನು ನಾನಂತೂ ಕೈಯಾರೆ ಮಾಡುವುದಿಲ್ಲ. ಅವರು ಹೇಳಿಕೊಟ್ಟ ಇನ್ನೊಂದು ಮಾತು ಆ 2,800ಕ್ಕಿಂತ ದೊಡ್ಡದು. ಎಸಿಯ ಗ್ಯಾಸ್ ಅಡುಗೆ ಸಿಲಿಂಡರಿನಂತೆ ಬಳಸಿ ಮುಗಿಯುವುದಲ್ಲ. ಮುಚ್ಚಿದ ಕೊಳವೆಯೊಳಗೆ ಸುತ್ತುತ್ತಲೇ ಇರುತ್ತದೆ. ಕಡಿಮೆಯಾಗಿದೆ ಎಂದರೆ ಎಲ್ಲೋ ಸೋರಿದೆ. ಸೋರಿಕೆ ತೋರಿಸದೆ ಗ್ಯಾಸ್ ತುಂಬುವವನಿಗೆ ಹಣ ಕೊಡಬಾರದು.

ಸ್ಪ್ಲಿಟ್ ಬಂದ ಮೇಲೆ ಮನೆಯಲ್ಲಿ ಮೊದಲ ಸಲ ಸದ್ದಿಲ್ಲದ ರಾತ್ರಿ ಬಂತು. ಇನ್ವರ್ಟರ್ ಆದ್ದರಿಂದ ಸಂಜೆಯ ವೋಲ್ಟೇಜಿಗೆ ಹಳೆಯದರಂತೆ ಗುನುಗಲಿಲ್ಲ. ಆದರೆ ಇದರ ತೊಂದರೆಗಳು ಗೋಡೆಯ ಹಿಂದೆ, ಸರ್ಕ್ಯೂಟ್ ಹಲಗೆಯ ಒಳಗೆ. ಎರಡನೆಯ ವರ್ಷ ಒಳಗಿನ ಘಟಕದಿಂದ ಹಾಸಿಗೆಯ ಮೇಲೆ ತೊಟ ತೊಟ ನೀರು. ಹೊರಗೆ ಹೋಗಿ ನೀರಿನ ಪೈಪಿನ ತುದಿ ನೋಡಿದರೆ ಒಂದು ಹನಿಯೂ ಇಲ್ಲ. ಪೈಪಿನೊಳಗೆ ಧೂಳು, ಪಾಚಿ ಸೇರಿ ಲೋಳೆ ಕಟ್ಟಿತ್ತು. ಎಸಿ ಆರಿಸಿ, ನೀರು ಹೀರುವ ವ್ಯಾಕ್ಯೂಮ್ ಕ್ಲೀನರನ್ನು ಹೊರತುದಿಗೆ ಒತ್ತಿ ಹಿಡಿದೆ. ಕಪ್ಪು ಬೆಲ್ಲದ ಪಾಕದಂಥದ್ದು ಗಳಕ್ಕನೆ ಹೊರಬಂತು. ಇನ್ನೊಂದು ಸಲ ಗಾಳಿಯೇ ಸಣ್ಣದಾಗಿ, ಗಾಳಿಯನ್ನು ತಂಪು ಮಾಡುವ ಒಳಗಿನ ಕಾಯಿಲ್ ಮೇಲೆ ಮಂಜುಗಡ್ಡೆ ಕೂತಿತ್ತು. ಕಾರಣ ಎದುರಿನ ರಸ್ತೆ ಕಾಮಗಾರಿಯ ಧೂಳು ತುಂಬಿದ ಫಿಲ್ಟರ್. ಎಸಿ ಬಂದ್ ಮಾಡಿ ಫ್ಯಾನ್ ಮಾತ್ರ ಓಡಿಸಿ ಮಂಜು ಕರಗಿಸಿ, ಫಿಲ್ಟರನ್ನು ನಲ್ಲಿಯಡಿ ತೊಳೆದು ನೆರಳಲ್ಲಿ ಒಣಗಿಸಿದೆ. ಕಲಬುರಗಿಯ ಧೂಳಿಗೆ ಬೇಸಿಗೆಯಲ್ಲಿ ಹದಿನೈದು ದಿನಕ್ಕೊಮ್ಮೆ ಇದು ಬೇಕೇ ಬೇಕು. ಫಿಲ್ಟರ್ ತೊಳೆದ ಮೇಲೂ ಮಂಜು ಕಟ್ಟಿದರೆ ಮಾತ್ರ ಗ್ಯಾಸಿನ ಮೇಲೆ ಅನುಮಾನ ಪಡಬಹುದು.

ನನ್ನದೊಂದು ಸುಲಭ ಪರೀಕ್ಷೆಯಿದೆ. ರಿಮೋಟನ್ನು ಕೂಲ್‌ನಲ್ಲಿಟ್ಟು (ಎಷ್ಟೋ ಸಲ ಮಕ್ಕಳು ಅದನ್ನು ಡ್ರೈಗೆ ತಿರುಗಿಸಿರುತ್ತಾರೆ, ದೋಷ ಅಷ್ಟೇ) 18ಕ್ಕೆ ಇಳಿಸಿ ಕಾಲು ಗಂಟೆ ಬಿಡುತ್ತೇನೆ. ಒಳಹೋಗುವ ಗಾಳಿಗೂ ಹೊರಬರುವ ಗಾಳಿಗೂ ಹತ್ತು ಡಿಗ್ರಿಯ ಆಸುಪಾಸು ವ್ಯತ್ಯಾಸವಿದ್ದರೆ ಗ್ಯಾಸ್ ಸರಿಯಿದೆ. ಕೋಣೆ ತಂಪಾಗದಿರುವುದಕ್ಕೆ ಬಿಸಿಲಿನ ಗೋಡೆಯೋ, ಬಾಗಿಲ ಸಂದಿಯೋ ಕಾರಣ. ಒಮ್ಮೆ ವ್ಯತ್ಯಾಸ ನಾಲ್ಕಕ್ಕಿಳಿದಿತ್ತು. ಹೊರಗಿನ ಘಟಕಕ್ಕೆ ಗ್ಯಾಸಿನ ಕೊಳವೆ ಜೋಡಿಸುವ ನಟ್ಟಿನ ಬಳಿ ಎಣ್ಣೆಯ ಜಿಡ್ಡು. ಸೋಪಿನ ನೊರೆ ಹಚ್ಚಿದರೆ ಗುಳ್ಳೆ ಎದ್ದಿತು. ಅಂದು ಗ್ಯಾಸ್ ತುಂಬಿಸಿದ್ದು ನ್ಯಾಯವಾಗಿಯೇ. ಕಿಟಕಿ ಎಸಿಗೆ ಇಂಥ ಬಿಚ್ಚುವ ಜೋಡಣೆಗಳಿಲ್ಲ, ಕಾರ್ಖಾನೆಯಲ್ಲೇ ಬೆಸೆದು ಬರುತ್ತದೆ. ಈ ಒಂದು ಅಂಕ ಅದಕ್ಕೇ ಸಲ್ಲಬೇಕು.

ದೊಡ್ಡ ಪೆಟ್ಟು ಬಿದ್ದದ್ದು ಮೂರನೆಯ ವರ್ಷ. ಎಸಿ ಸತ್ತೇಹೋಯಿತು. ಹೊರಗಿನ ಘಟಕದ ಮುಚ್ಚಳ ತೆಗೆದಾಗ ಸರ್ಕ್ಯೂಟ್ ಹಲಗೆಯ ಮೇಲೆ ಹಲ್ಲಿಯೊಂದು ಎರಡು ಬೆಸುಗೆಗಳ ನಡುವೆ ಕಾಲು ಚಾಚಿ ಒಣಗಿಹೋಗಿತ್ತು. ಹಲಗೆಗೆ ಕೊಟ್ಟ ಹಣದಲ್ಲಿ ಒಳ್ಳೆಯ ಕೂಲರೇ ಬರುತ್ತಿತ್ತು. ತಂತಿ ಹೋಗುವ ತೂತನ್ನು ಅಂಟಿನಿಂದ ಮುಚ್ಚಿಸಿದ್ದು ಆಮೇಲೆ.

ಖರ್ಚಿನ ಮಾತು ಬೇಗ ಮುಗಿಸುತ್ತೇನೆ. ಮೇ ತಿಂಗಳಲ್ಲಿ ಎಂಟು ಗಂಟೆಗೆ ನನ್ನ ಮೀಟರ್ ಹೇಳಿದ್ದು: ಕೂಲರ್ ಒಂದೂವರೆ ಯೂನಿಟ್, ಹಳೆಯ ಕಿಟಕಿ ಎಸಿ ಹತ್ತರ ಮೇಲೆ, 26ರಲ್ಲಿಟ್ಟ ಸ್ಪ್ಲಿಟ್ ಆರರಿಂದ ಏಳು. ಗೃಹಜ್ಯೋತಿಯಲ್ಲಿ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು ನಮ್ಮದೇ ಆದ್ದರಿಂದ ಈ ಲೆಕ್ಕ ಮನೆಯಲ್ಲಿ ಎಲ್ಲರಿಗೂ ಬಾಯಿಪಾಠ. ಆದರೆ ಕೂಲರ್ ಅಷ್ಟೇ ಹೊತ್ತಿಗೆ ಐದಾರು ಕೊಡ ನೀರು ಕುಡಿಯುತ್ತದೆ. ನಲ್ಲಿಗೆ ದಿನ ಬಿಟ್ಟು ದಿನ ನೀರು ಬರುವ ಓಣಿಯಲ್ಲಿ ಅದನ್ನು ಉಳಿತಾಯ ಎನ್ನಲು ನಾಲಿಗೆ ಹೊರಳುವುದಿಲ್ಲ.

ಕಿಟಕಿ ಎಸಿಯನ್ನು ಆ ಹಿರಿಯ ಮೆಕ್ಯಾನಿಕ್ಕಿಗೇ ಮಾರಿದೆ. ಮಾರ್ಚಿನಿಂದ ಜೂನ್ ಮೊದಲ ಮಳೆಯವರೆಗೆ ಪಡಸಾಲೆಗೆ ಕೂಲರ್, ರಾತ್ರಿ ಅಪ್ಪ ಮಲಗುವ ಕೋಣೆಗೆ ಸ್ಪ್ಲಿಟ್, ಇದು ಈಗಿನ ಏರ್ಪಾಡು. ಮೊನ್ನೆ ಭಾನುವಾರ ಹೊಸ ಪ್ಯಾಡು ಹಾಕುತ್ತಿದ್ದಾಗ ಅವ್ವ ಬಂದು, ಎದುರಿನ ಕಿಟಕಿಗೆ ಬೆರಳಿಟ್ಟು ಅಳೆದು, ಇನ್ನೂ ಎರಡು ಬೆರಳು ತೆರೆಸಿದಳು.