ಮೇಲ್ ಗೇಟ್‌ವೇಗೆ ಎಷ್ಟು ದೊಡ್ಡ ವಿಎಂ ಬೇಕು? ಮೂರು ವರ್ಷ ಬಳಸಿದ ಮೇಲೆ

ಮೇಲ್ ಪಡೆದು ಮುಂದೆ ಸಾಗಿಸುವ ಪೋಸ್ಟ್‌ಫಿಕ್ಸ್, ಸ್ಪ್ಯಾಮ್ ಹಿಡಿಯುವ ಆರ್‌ಸ್ಪ್ಯಾಮ್‌ಡಿ, ವೈರಸ್ ಹುಡುಕುವ ಕ್ಲಾಮ್‌ಎವಿ. ಈ ಮೂರನ್ನೂ ಒಂದೇ ವಿಎಂನಲ್ಲಿ (ವರ್ಚುವಲ್ ಮೆಷಿನ್, ಅಂದರೆ ದೊಡ್ಡ ಸರ್ವರ್ ಒಳಗೆ ಓಡುವ ಸಾಫ್ಟ್‌ವೇರ್ ಕಂಪ್ಯೂಟರ್) ಕೂರಿಸಿ, ಆಫೀಸಿಗೆ ಬರುವ ಎಲ್ಲ ಮೇಲ್‌ಗಳನ್ನೂ ಅದರ ಮೂಲಕವೇ ಬಿಡುತ್ತಾ ಮೂರು ವರ್ಷ ಆಯ್ತು. ಸ್ಪ್ಯಾಮ್ ಹಿಡಿಯುವುದರಲ್ಲಿ ನನಗೆ ತಕರಾರಿಲ್ಲ, ತುಂಬಾ ಚೆನ್ನಾಗಿದೆ. ತಲೆ ಕೆಡಿಸಿದ್ದು ವಿಎಂ ಸೈಜು.

ಮೊದಲು 2 ವಿಸಿಪಿಯು (ವಿಎಂ ಪಾಲಿನ ಪ್ರೊಸೆಸರ್), 4 ಜಿಬಿ ಮೆಮೊರಿ ಕೊಟ್ಟಿದ್ದೆ. ವಾರವಿಡೀ ಗ್ರಾಫ್ ನೋಡಿದೆ, ಎಲ್ಲವೂ ಆರಾಮಾಗಿತ್ತು. ಒಂದು ಬೆಳಿಗ್ಗೆ ಬಂದು ನೋಡಿದರೆ ರಾತ್ರಿಯಿಂದ ಒಂದೂ ಮೇಲ್ ಒಳಗೆ ಬಂದಿಲ್ಲ. ಮೆಮೊರಿ ಸಾಲದೆ ಕ್ಲಾಮ್‌ಡಿಯನ್ನು (ಕ್ಲಾಮ್‌ಎವಿಯ ಸ್ಕ್ಯಾನ್ ಮಾಡುವ ಭಾಗ) ಕೊಂದಿದ್ದೇನೆ ಅಂತ ಕರ್ನಲ್ (ಓಎಸ್‌ನ ತಿರುಳು) ಲಾಗ್‌ನಲ್ಲಿ ಒಂದೇ ಒಂದು ಸಾಲು. ಸ್ಕ್ಯಾನ್ ಆಗದ ಮೇಲ್ ಒಳಗೆ ಬರಬಾರದು ಅಂತ ನಾವೇ ಸೆಟ್ ಮಾಡಿದ್ದೆವು. ಹಾಗಾಗಿ ಬಂದ ಪ್ರತಿ ಮೇಲ್‌ಗೂ 451 ಉತ್ತರ ಹೋಗುತ್ತಿತ್ತು. ಆಮೇಲೆ ಮತ್ತೆ ಕಳಿಸು ಅಂತ ಅದರ ಅರ್ಥ. ಕಳಿಸಿದವರ ಸರ್ವರ್‌ಗಳು ಮತ್ತೆ ಕಳಿಸಿದವು, ಮೇಲ್ ಉಳಿಯಿತು. ಆದರೆ ಅರ್ಧ ದಿನ ತಡ.

ಕಾರಣ ಹುಡುಕಿದಾಗ ಗೊತ್ತಾಗಿದ್ದು ಇಷ್ಟು. ಕ್ಲಾಮ್‌ಡಿ ತನ್ನ ವೈರಸ್ ಸಿಗ್ನೇಚರ್‌ಗಳನ್ನೆಲ್ಲ (ವೈರಸ್ ಪತ್ತೆಗೆ ಬೇಕಾದ ಗುರುತುಗಳು) ಮೆಮೊರಿಯಲ್ಲೇ ಇಟ್ಟುಕೊಳ್ಳುತ್ತದೆ. ಅದೊಂದೇ 1 ಜಿಬಿ ದಾಟುತ್ತದೆ. 0.103 ಆವೃತ್ತಿಯಿಂದ, ಹೊಸ ಸಿಗ್ನೇಚರ್ ಬಂದಾಗ ಹಳೆಯದನ್ನು ಬಿಡದೆ ಹೊಸದನ್ನೂ ಪಕ್ಕದಲ್ಲೇ ಲೋಡ್ ಮಾಡುತ್ತದೆ, ಸ್ಕ್ಯಾನ್ ನಿಲ್ಲಬಾರದು ಅಂತ. ಅಷ್ಟು ಹೊತ್ತು ಡಬಲ್ ಮೆಮೊರಿ ಬೇಕು. ಐದು ನಿಮಿಷದ ಸರಾಸರಿ ತೋರಿಸುವ ಗ್ರಾಫ್‌ನಲ್ಲಿ ಇದು ಕಾಣುವುದೇ ಇಲ್ಲ! ಈ ನಡತೆಯನ್ನು ಆಫ್ ಮಾಡಬಹುದು, ಆದರೆ ಆಗ ಲೋಡ್ ಮುಗಿಯುವವರೆಗೆ ಸ್ಕ್ಯಾನ್ ಕಾಯಬೇಕು. ನಾನು 8 ಜಿಬಿ ಕೊಟ್ಟು, ಬಲೂನಿಂಗ್ (ವಿಎಂನಿಂದ ಮೆಮೊರಿ ವಾಪಸ್ ಪಡೆಯುವುದು) ನಿಲ್ಲಿಸಿ, ಹೋಸ್ಟ್‌ನಲ್ಲಿ (ವಿಎಂಗಳು ಓಡುವ ಸರ್ವರ್) ಅಷ್ಟನ್ನೂ ಇದಕ್ಕೇ ಮೀಸಲಿಟ್ಟೆ. ಆಮೇಲೆ ಆ ಸಾಲು ಮತ್ತೆ ಕಾಣಲಿಲ್ಲ.

ಸಿಪಿಯು ವಿಷಯದಲ್ಲಿ ಉಲ್ಟಾ ಆಯಿತು. ಜಾಸ್ತಿ ಇದ್ದರೆ ಒಳ್ಳೆಯದು ಅಲ್ವಾ ಅಂತ 8 ವಿಸಿಪಿಯು ಕೊಟ್ಟೆ. ಹೋಸ್ಟ್ ಮೊದಲೇ ತುಂಬಿತ್ತು. ಟಾಪ್ ಕಮಾಂಡ್‌ನಲ್ಲಿ ಸ್ಟೀಲ್ ಟೈಮ್ (ಹೋಸ್ಟ್‌ನ ಸಿಪಿಯು ಸಿಗದೆ ವಿಎಂ ಕಾಯುವ ಹೊತ್ತು) ಏರಿತು, ಸ್ಕ್ಯಾನ್ ಇನ್ನೂ ನಿಧಾನ. 4ಕ್ಕೆ ಇಳಿಸಿದ ಮೇಲೆ ಸರಿಹೋಯಿತು.

ಡಿಸ್ಕ್ ಲೆಕ್ಕ ಹಾಕುವಾಗ ಒಳಗಿನ ಮೇಲ್ ಸರ್ವರ್ ಬಿದ್ದ ದಿನವನ್ನು ನೆನೆಯಿರಿ. ಪೋಸ್ಟ್‌ಫಿಕ್ಸ್ ತಲುಪದ ಮೇಲ್‌ಗಳನ್ನು ನಾವು ಬದಲಿಸದಿದ್ದರೆ 5 ದಿನ ತನ್ನ ಕ್ಯೂನಲ್ಲಿ ಇಟ್ಟುಕೊಳ್ಳುತ್ತದೆ. ಅಟ್ಯಾಚ್‌ಮೆಂಟ್ ಮೇಲ್‌ನಲ್ಲಿ ಹೋಗಲು ಬೇಸ್64 ಅಕ್ಷರಗಳಾದಾಗ ಮೂರನೇ ಒಂದು ಭಾಗ ಉಬ್ಬುತ್ತದೆ, ಅಂದರೆ 15 ಎಂಬಿ ಫೈಲ್ ಕ್ಯೂನಲ್ಲಿ 20 ಎಂಬಿ. ಕ್ಯೂ ಡಿಸ್ಕ್‌ನಲ್ಲಿ ಉಳಿದ ಜಾಗ ಒಂದು ಮೇಲ್‌ನ ಗರಿಷ್ಠ ಗಾತ್ರದ ಒಂದೂವರೆ ಪಟ್ಟಿಗಿಂತ ಕಡಿಮೆಯಾದರೆ ಪೋಸ್ಟ್‌ಫಿಕ್ಸ್ ಹೊಸ ಮೇಲ್ ತೆಗೆದುಕೊಳ್ಳುವುದಿಲ್ಲ. ನಾನು ಕ್ಯೂಗೆ ಬೇರೆಯೇ ಡಿಸ್ಕ್ ಕೊಟ್ಟೆ, ಲಾಗ್ ಬೆಳೆದು ಅದನ್ನು ತಿನ್ನಬಾರದು ಅಂತ. ಸ್ಪ್ಯಾಮ್ ಪಟ್ಟಿಗಳನ್ನು ಕೇಳೋಕೆ ಅನ್‌ಬೌಂಡ್ (ಡಿಎನ್‌ಎಸ್ ಸರ್ವರ್) ಕೂಡ ಅದೇ ವಿಎಂನಲ್ಲಿದೆ, ಅದಕ್ಕೆ ಜಾಗ ಹೆಚ್ಚೇನೂ ಬೇಡ.

ಈಗ ಇಂಥ ಎರಡು ವಿಎಂಗಳಿವೆ, ಬೇರೆ ಬೇರೆ ಹೋಸ್ಟ್‌ಗಳಲ್ಲಿ, ಒಂದೇ ಎಂಎಕ್ಸ್ ಆದ್ಯತೆಯಲ್ಲಿ, ಅಂದರೆ ಹೊರಗಿನ ಸರ್ವರ್‌ಗಳಿಗೆ ಮೇಲ್ ಕಳಿಸಲು ಎರಡೂ ಸಮ. ಮಾಮೂಲಿ ದಿನ ಎರಡೂ ಅರ್ಧಂಬರ್ಧ ಖಾಲಿ. ದುಡ್ಡು ದಂಡ ಅಂತ ಕೇಳುವವರಿದ್ದಾರೆ. ಅಳತೆ ಸರಿಯಿದೆಯಾ ಅಂತ ನೋಡೋಕೆ ನಾನು ಸೋಮವಾರ ಬೆಳಿಗ್ಗೆ, ಮೇಲ್ ನುಗ್ಗುವ ಹೊತ್ತಿಗೆ, ಒಂದನ್ನು ಬೇಕಂತಲೇ ನಿಲ್ಲಿಸುತ್ತೇನೆ. ಇನ್ನೊಂದರಲ್ಲಿ ಸಿಗ್ನೇಚರ್ ರೀಲೋಡ್ ಮಾಡಿಸಿ, ಕ್ಯೂ ನೋಡುತ್ತಾ ಕೂರುತ್ತೇನೆ.