ಮುಟ್ಟು ನಿಂತರೆ ಊಟ ಕಡಿಮೆ ಮಾಡಬೇಡಿ: ಜಿಮ್ಮಿನ 1200 ಕ್ಯಾಲೊರಿ ಚಾರ್ಟ್ ಬಗ್ಗೆ ಎಚ್ಚರಿಕೆ

ಮುಂಬೈ ಸುತ್ತಿನ ಡೊಂಬಿವಲಿ, ಠಾಣೆ, ಮುಲುಂಡ್ ಕಡೆ ವೇಟ್ ಟ್ರೇನಿಂಗ್ ಶುರುಮಾಡುತ್ತಿರುವ ಹೆಣ್ಣುಮಕ್ಕಳು ದಯವಿಟ್ಟು ಇದನ್ನು ಓದಿ. ಜಿಮ್ಮಿಗೆ ಹಣ ಕಟ್ಟಿದ ದಿನವೇ ಕೈಗಿಡುವ 1200 ಕ್ಯಾಲೊರಿಯ ಚಾರ್ಟನ್ನು ಪಾಲಿಸಬೇಡಿ.

ಡೊಂಬಿವಲಿಯ ಕನ್ನಡತಿಯೊಬ್ಬರಿಗೆ ಆದದ್ದು ಹೇಳುತ್ತೇನೆ. ವಯಸ್ಸು 34, ತೂಕ 62 ಕಿಲೊ. ವಾರಕ್ಕೆ ನಾಲ್ಕು ದಿನ ಬೆಳಗ್ಗೆ ಆರಕ್ಕೆ ಸ್ಕ್ವಾಟ್, ಡೆಡ್‌ಲಿಫ್ಟ್. ಆಮೇಲೆ ಓಡಿ ಫಾಸ್ಟ್ ಲೋಕಲ್ ಟ್ರೇನ್. ಚಾರ್ಟಿನಲ್ಲಿ ಬೆಳಗ್ಗೆ ಜೇನು-ನಿಂಬೆ ನೀರು ಮತ್ತು ಎರಡು ಇಡ್ಲಿ, ಮಧ್ಯಾಹ್ನ ಒಂದು ಚಪಾತಿ, ಪಲ್ಯ, ಸಲಾಡ್, ರಾತ್ರಿ ಸೂಪು. ಜೊತೆಗೆ ಕೊಬ್ಬು ಕರಗಿಸುತ್ತದೆಂದು ಕೊಡುವ ಫ್ಯಾಟ್ ಬರ್ನರ್ ಮಾತ್ರೆ. ಮೂರು ವಾರದಲ್ಲಿ ಎರಡೂವರೆ ಕಿಲೊ ಇಳಿಯಿತು, ಎಲ್ಲರೂ ಹೊಗಳಿದರು. ಇಳಿದದ್ದರಲ್ಲಿ ಒಂದು ಪಾಲು ಸ್ನಾಯುವಿನಲ್ಲಿ ಕೂಡಿಟ್ಟ ಸಕ್ಕರೆಯಾದ ಗ್ಲೈಕೋಜನ್ ಮತ್ತು ಅದು ಹಿಡಿದಿಟ್ಟಿದ್ದ ನೀರು. ಆರನೇ ವಾರಕ್ಕೆ ಎತ್ತುವ ಭಾರ ಏರಲಿಲ್ಲ, ಟ್ರೇನಿನಲ್ಲಿ ನಿಂತಲ್ಲೇ ಕಣ್ಣು ಕತ್ತಲಿಟ್ಟಿತು. ಆಮೇಲೆ ಎರಡು ತಿಂಗಳು ಮುಟ್ಟಾಗಲಿಲ್ಲ. ಕೂದಲು ಗೊಂಚಲಾಗಿ ಉದುರತೊಡಗಿತು.

ನಿಜವಾದ ಅನಾಹುತ ಇದಾದ ಮೇಲೆ. ಸ್ಕ್ಯಾನಿನಲ್ಲಿ ಅಂಡಾಶಯದ ತುಂಬ ಸಣ್ಣ ಗುಳ್ಳೆಗಳು ಕಂಡವು. ರಿಪೋರ್ಟ್ ನೋಡಿದ ಟ್ರೇನರ್, ‘ಇದು ಪಿಸಿಒಡಿ (ಹಾರ್ಮೋನು ಏರುಪೇರಾಗಿ ಮುಟ್ಟು ತಪ್ಪುವ ತೊಂದರೆ), ಇನ್ನೂ ತೂಕ ಇಳಿಸಿ’ ಎಂದು ಇಡ್ಲಿಯನ್ನೂ ಚಪಾತಿಯನ್ನೂ ಬಿಡಿಸಿದ! ಊಟ ಸಾಲದೆ ಮುಟ್ಟು ನಿಂತವರಲ್ಲೂ ಅಂಥ ಗುಳ್ಳೆಗಳು ಕಾಣುವುದುಂಟು. ಮೊದಲಿನಿಂದ ತಿಂಗಳು ತಿಂಗಳು ಸರಿಯಾಗಿ ಆಗುತ್ತಿದ್ದು, ಡಯಟ್ ಶುರುವಾದ ಮೇಲೆ ನಿಂತಿದ್ದರೆ ಮೊದಲು ಅನುಮಾನಿಸಬೇಕಾದದ್ದು ತಟ್ಟೆಯನ್ನು.

ಲೆಕ್ಕ ಹಾಕಿ. 62 ಕಿಲೊದಲ್ಲಿ ಕೊಬ್ಬು ಶೇ 30 ಎಂದರೆ ಉಳಿದ ದೇಹ ಸುಮಾರು 43 ಕಿಲೊ. 1200ರಲ್ಲಿ ವ್ಯಾಯಾಮಕ್ಕೆ 250 ಹೋದರೆ 950. ಅಂದರೆ ಆ 43 ಕಿಲೊದಲ್ಲಿ ಕಿಲೊಗೆ 22 ಕ್ಯಾಲೊರಿ. ಇದು 30ಕ್ಕಿಂತ ಕೆಳಗೆ ಬಹುಕಾಲ ಉಳಿದರೆ ಮಿದುಳಿನ ಹೈಪೋಥಲಾಮಸ್ ಅಂಡಾಶಯಕ್ಕೆ ಕಳಿಸುವ ಸಂಕೇತ ತಗ್ಗುವ ಅಪಾಯ ಹೆಚ್ಚು. ಈಸ್ಟ್ರೊಜೆನ್ ಇಳಿದರೆ ಮೂಳೆಯೂ ಸವೆಯುತ್ತದೆ. ಮೂವತ್ತು ದಾಟಿದ ಮೇಲೆ ಕಳೆದ ಮೂಳೆ ಸುಲಭಕ್ಕೆ ಮರಳುವುದಿಲ್ಲ. ಮೂಳೆ ಗಟ್ಟಿಯಾಗಲೆಂದೇ ಅಲ್ಲವೇ ಭಾರ ಎತ್ತುವುದು?

ಇಷ್ಟು ತೂಕದವರು ನಿಧಾನವಾಗಿ ಕೊಬ್ಬು ಇಳಿಸಬೇಕೆಂದರೂ 1700–1800ಕ್ಕಿಂತ ಕೆಳಗಿಳಿಯಬಾರದು. ಮುಟ್ಟು ಈಗಾಗಲೇ ನಿಂತಿದ್ದರೆ ತೂಕ ಇಳಿಸುವ ಯೋಚನೆಯನ್ನೇ ಬಿಟ್ಟು ಊಟ ಇದಕ್ಕಿಂತ ಹೆಚ್ಚಿಸಬೇಕು. ಪ್ರೋಟೀನ್ ದಿನಕ್ಕೆ 90 ಗ್ರಾಂ. ಆ ಚಾರ್ಟಿನಲ್ಲಿ ಅದರ ಅರ್ಧವೂ ಇರಲಿಲ್ಲ. ಪ್ರೋಟೀನ್ ಪುಡಿ ಇಲ್ಲದೆಯೂ ಇದು ಸಾಧ್ಯ. ಜಿಮ್ಮಿಗೆ ಮುಂಚೆ ಒಂದು ಬಾಳೆಹಣ್ಣು. ಬಂದ ಮೇಲೆ ಇಡ್ಲಿ ಇರಲಿ, ಜೊತೆಗೆ ಎರಡು ಮೊಟ್ಟೆ, ಒಂದು ದೊಡ್ಡ ಲೋಟ ಹಾಲು: 20 ಗ್ರಾಂ ಪ್ರೋಟೀನಿಗೆ ಕಡಿಮೆಯಿಲ್ಲ. ಡಬ್ಬಿಗೆ ಎರಡು ಚಪಾತಿ, 40 ಗ್ರಾಂ ಕಾಳಿನ ಹುರುಳಿ ಉಸಲಿ, 100 ಗ್ರಾಂ ಪನೀರ್, ಮೊಸರು: 36. ಸಂಜೆ ಟ್ರೇನಿನಲ್ಲಿ ಒಂದು ಹಿಡಿ ಹುರಿಗಡಲೆ: 8. ರಾತ್ರಿ ರಾಗಿ ಮುದ್ದೆ, ಬೇಳೆ ಸಾರು, ಒಣ ತೂಕದಲ್ಲಿ 30 ಗ್ರಾಂ ಸೋಯಾ: 25. ಮೀನು ತಿನ್ನುವವರಿಗೆ ಇನ್ನೂ ಸುಲಭ. 150 ಗ್ರಾಂ ಬಂಗುಡೆಯಲ್ಲೇ ಸುಮಾರು 30 ಇದೆ. ಎಣ್ಣೆ, ತುಪ್ಪ, ಕಡಲೆಬೀಜ ಬಿಡಬೇಡಿ, ಕ್ಯಾಲೊರಿ ತುಂಬುವುದು ಅವುಗಳಿಂದಲೇ.

ಊಟದ ಹಿಂದೆಮುಂದೆ ಒಂದು ಗಂಟೆ ಚಹಾ, ಕಾಫಿ ಬೇಡ. ಅವುಗಳಿಂದ ಕಾಳಿನ ಕಬ್ಬಿಣಾಂಶ ಮೈಗೆ ಸರಿಯಾಗಿ ಹತ್ತುವುದಿಲ್ಲ. ನಿಂಬೆಯಿಂದ ಚೆನ್ನಾಗಿ ಹತ್ತುತ್ತದೆ, ಉಸಲಿಗೆ ನಿಂಬೆ ಹಿಂಡಿ. ರಕ್ತಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ ಜೊತೆ, ಮೈಯಲ್ಲಿ ಕಬ್ಬಿಣದ ದಾಸ್ತಾನು ಎಷ್ಟಿದೆ ಎಂದು ತೋರಿಸುವ ಫೆರಿಟಿನ್ ಕೂಡ ಕೇಳಿ. ಹಿಮೋಗ್ಲೋಬಿನ್ 12 ಇದ್ದೂ ಫೆರಿಟಿನ್ 30ಕ್ಕಿಂತ ಕೆಳಗಿರಬಹುದು. ಆಗ ಸುಸ್ತು, ಕೂದಲು ಉದುರುವುದು ಎರಡೂ ಇರಬಹುದು.

ಫ್ಯಾಟ್ ಬರ್ನರ್ ಮುಟ್ಟಲೇಬೇಡಿ. ಅದರಲ್ಲಿ ಹೆಚ್ಚಾಗಿ ಇರುವುದು ಕೆಫೀನ್ ಮತ್ತು ಗ್ರೀನ್ ಟೀ ಸಾರ. ಆ ಸಾರ ಹೆಚ್ಚು ಪ್ರಮಾಣದಲ್ಲಿ, ಅದೂ ಖಾಲಿ ಹೊಟ್ಟೆಯಲ್ಲಿ, ಲಿವರಿಗೆ ಪೆಟ್ಟು ಕೊಡಬಲ್ಲದು.

ಮುಟ್ಟು ತಪ್ಪಿದರೆ ಮೊದಲು ಗರ್ಭಪರೀಕ್ಷೆ ಮಾಡಿಕೊಳ್ಳಿ. ಮೂರು ತಿಂಗಳು ಆಗದಿದ್ದರೆ ಸ್ತ್ರೀರೋಗ ವೈದ್ಯರಲ್ಲಿಗೆ ಹೋಗಿ. ಬರೀ ಸ್ಕ್ಯಾನ್ ತೋರಿಸಿ ಬರಬೇಡಿ. ಡಯಟ್ ಯಾವ ತಾರೀಖಿಗೆ ಶುರುವಾಯಿತು, ಕೊನೆಯ ಮುಟ್ಟು ಯಾವಾಗ, ವಾರಕ್ಕೆ ಎಷ್ಟು ಗಂಟೆ ವ್ಯಾಯಾಮ ಎಂದು ಒಂದು ಹಾಳೆಯಲ್ಲಿ ಬರೆದು ಕೊಡಿ. ಆ ಚಾರ್ಟನ್ನೂ ಮಾತ್ರೆಯ ಡಬ್ಬಿಯನ್ನೂ ಮೇಜಿನ ಮೇಲಿಡಿ.