ಕೈಯಲ್ಲಿದ್ದ ಫೋನ್ ಕಿತ್ತುಕೊಂಡು ಹೋದ ಮೇಲೆ: ಐದು ಬೀಗ ಹಾಕಿ ನೋಡಿದ್ದು

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಫೋನ್ ಜೊತೆಗೇ ಪುಕ್ಕಟೆ ಬರುವ ಆ್ಯಪ್ ಲಾಕ್‌ಗೆ. ಗೂಗಲ್‌ನ ಥೆಫ್ಟ್ ಡಿಟೆಕ್ಷನ್ ಲಾಕ್, ಪ್ರೈವೇಟ್ ಸ್ಪೇಸ್, ಅಕ್ಕನ ಐಫೋನ್, ಅಪ್ಪನ ಎರಡು ಫೋನಿನ ಪದ್ಧತಿ ಎಲ್ಲವನ್ನೂ ಆರು ತಿಂಗಳಲ್ಲಿ ಬಳಸಿ ನೋಡಿದೆ. ಯಾವುದೂ ದಂಡ ಅಲ್ಲ. ಆದರೆ ಆವತ್ತು ನನಗಾದ ನಷ್ಟವನ್ನು ತಡೆಯುವ ತಾಕತ್ತು ಇದ್ದದ್ದು ಇದೊಂದಕ್ಕೇ.

ಆವತ್ತು ಅಂದರೆ, ಕಾಮಾಕ್ಷಿಪಾಳ್ಯದ ಬಸ್ ಸ್ಟಾಪಿನಲ್ಲಿ ಮ್ಯಾಪ್ ನೋಡುತ್ತಾ ನಿಂತಿದ್ದೆ. ಬೈಕಿನಲ್ಲಿ ಇಬ್ಬರು ಬಂದರು. ಹಿಂದೆ ಕೂತವನು ಬೇಲಿ ಮೇಲಿನ ಹೂ ಕಿತ್ತ ಹಾಗೆ ಫೋನ್ ಕಿತ್ತುಕೊಂಡ. ಸ್ಕ್ರೀನ್ ಉರಿಯುತ್ತಲೇ ಇತ್ತು. ಆ ಬೆಳಕು ಮಾಗಡಿ ರಸ್ತೆಯಲ್ಲಿ ದೂರ ಹೋಗುವುದು ನನಗೆ ಕಾಣುತ್ತಿತ್ತು. ಮ್ಯಾಪ್ ನೋಡುವಾಗ ಆರಬಾರದು ಅಂತ ಸ್ಕ್ರೀನ್ ಟೈಮ್‌ಔಟನ್ನು 10 ನಿಮಿಷಕ್ಕೆ ಇಟ್ಟ ಬುದ್ಧಿವಂತ ನಾನೇ.

ಎಲ್ಲರೂ ಕೇಳುವುದು ‘ಯುಪಿಐನಿಂದ ಎಷ್ಟು ಹೋಯ್ತು?’ ಅಂತ. ಒಂದು ರೂಪಾಯಿಯೂ ಹೋಗಲಿಲ್ಲ. ಆ ಆ್ಯಪ್ ತೆರೆಯಲು ಬೆರಳಚ್ಚು ಬೇಕು, ದುಡ್ಡು ಕಳಿಸಲು ಯುಪಿಐ ಪಿನ್ ಬೇಕು. (ಯುಪಿಐ ಲೈಟ್ ಬಳಸುವವರ ಲೆಕ್ಕ ಬೇರೆ. ಅದರಲ್ಲಿ ಸಾವಿರ ರೂಪಾಯಿವರೆಗೆ ಪಿನ್ ಕೇಳುವುದೇ ಇಲ್ಲ.) ದುಡ್ಡು ಹೋದದ್ದು ವಾಟ್ಸ್‌ಆ್ಯಪ್‌ನಿಂದ, ಅದೂ ನನ್ನದಲ್ಲ. ತಿಪಟೂರಿನ ಚಿಕ್ಕಪ್ಪನಿಗೆ ನನ್ನ ಹೆಸರಿನಲ್ಲಿ ‘ಅರ್ಜೆಂಟ್ ಇದೆ, ಈ ನಂಬರಿಗೆ 8,000 ಹಾಕಿ, ಸಂಜೆ ಕೊಡ್ತೀನಿ’ ಅಂತ ಮೆಸೇಜ್ ಹೋಯಿತು. ಹುಡುಗ ಯಾವತ್ತೂ ಕೇಳಿದವನಲ್ಲ, ಪಾಪ ಏನು ಕಷ್ಟವೋ ಅಂತ ಅವರು ಮರುಮಾತಿಲ್ಲದೆ ಹಾಕಿಬಿಟ್ಟರು.

ಅಷ್ಟು ಹೊತ್ತು ನಾನೇನು ಮಾಡುತ್ತಿದ್ದೆ? ಟೀ ಅಂಗಡಿಯವರ ಫೋನ್ ಇಸ್ಕೊಂಡು ನನ್ನ ಗೂಗಲ್ ಅಕೌಂಟಿಗೆ ಲಾಗಿನ್ ಆಗಲು ಒದ್ದಾಡುತ್ತಿದ್ದೆ. ಪಾಸ್‌ವರ್ಡ್ ಹಾಕಿದೆ. ‘ನಿಮ್ಮ ಫೋನಿಗೆ ಸೂಚನೆ ಕಳಿಸಿದ್ದೇವೆ, ಅದರಲ್ಲಿ ಯೆಸ್ ಒತ್ತಿ’ ಅಂತು. ಯೆಸ್ ಒತ್ತಬೇಕಾದ ಫೋನು ಆಗಲೇ ಸುಂಕದಕಟ್ಟೆ ದಾಟಿರಬೇಕು. ಅದು ಬೇಡ ಅಂದರೆ ಒಟಿಪಿ ಕಳಿಸ್ತೀನಿ ಅಂತು. ಅದೂ ಅದೇ ಫೋನಿಗೆ. ಸರಿ, ಸಿಮ್ಮಾದರೂ ಬ್ಲಾಕ್ ಮಾಡಿಸೋಣ ಅಂತ ಮಾಡಿಸಿದೆ. ಮನೆಗೆ ಬಂದು, ಮೊದಲೇ ಲಾಗಿನ್ ಆಗಿದ್ದ ಲ್ಯಾಪ್‌ಟಾಪಿನಿಂದ ಫೋನ್ ಲಾಕ್ ಮಾಡಲು ಒತ್ತಿದರೆ ಚಕ್ರ ಸುಮ್ನೆ ತಿರುಗುತ್ತಲೇ ಇತ್ತು. ಸಿಮ್ ಸತ್ತ ಮೇಲೆ ಇಂಟರ್ನೆಟ್ ಇಲ್ಲ, ಇಂಟರ್ನೆಟ್ ಇಲ್ಲದೆ ಲಾಕ್ ಮಾಡುವ ಆದೇಶ ಫೋನಿಗೆ ಮುಟ್ಟುವುದಿಲ್ಲ. ಮೊದಲು ಫೋನ್ ಲಾಕ್, ಆಮೇಲೆ ಸಿಮ್ ಬ್ಲಾಕ್ ಮಾಡಬೇಕಿತ್ತು. ನಾನು ತಿರುವುಮುರುವು ಮಾಡಿದ್ದೆ.

ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ. ಹೊಸ ಫೋನ್ ಬಂದ ದಿನವೇ ನಾನೂ ಬಾಗಿಲು ಹಾಕಲು ಕೂತೆ. ಫೋನ್ ಹದಿನೈದು ಸಾವಿರದೊಳಗಿನದು, ಆಂಡ್ರಾಯ್ಡ್ 15.

ಮೊದಲು ಥೆಫ್ಟ್ ಡಿಟೆಕ್ಷನ್ ಲಾಕ್. ಇದನ್ನು ಗೂಗಲ್ 2024ರಲ್ಲಿ ತಂದಿತು. ಆಂಡ್ರಾಯ್ಡ್ 10ರಿಂದ ಮೇಲಿನ ಫೋನುಗಳಲ್ಲಿ ಸೆಟ್ಟಿಂಗ್ಸ್‌ನ ಗೂಗಲ್ ವಿಭಾಗದಲ್ಲಿ ಸಿಗುತ್ತದೆ. ಕೈಯಿಂದ ಕಿತ್ತು ಓಡಿದ ಹಾಗಿನ ಅಲುಗಾಟ ಫೋನಿಗೆ ಗೊತ್ತಾದರೆ ತಾನೇ ಸ್ಕ್ರೀನ್ ಲಾಕ್ ಮಾಡಿಕೊಳ್ಳುತ್ತದೆ. ಕೇಳಲು ಎಷ್ಟು ಚೆನ್ನಾಗಿದೆ ಅಲ್ವಾ? ಪರೀಕ್ಷೆಗೆ ತಮ್ಮನನ್ನು ಕಳ್ಳ ಮಾಡಿದೆ. ಮನೆ ಕಾಂಪೌಂಡಿನಲ್ಲಿ, ವೈಫೈ ಇರುವಲ್ಲಿ, ಮೂರು ಸಲ ಕಿತ್ತು ಓಡಿದ. ಒಂದು ಸಲವೂ ಲಾಕ್ ಆಗಲಿಲ್ಲ. ಬೀದಿಗೆ ಬಂದು ವೈಫೈ ತೆಗೆದು ನಾಲ್ಕು ಸಲ ಮಾಡಿದೆವು. ಎರಡು ಸಲ ಆಯಿತು, ಅದರಲ್ಲೊಂದು ಸ್ಕೂಟರ್ ಮೇಲೆ ಕಿತ್ತದ್ದು. ನಾಲ್ಕನೇ ಸಲಕ್ಕೆ ಎದುರುಮನೆ ಅಂಕಲ್ ನಿಜವೆಂದು ತಿಳಿದು ಕೋಲು ಹಿಡಿದು ಹೊರಗೆ ಬಂದರು. ಪರೀಕ್ಷೆ ಅಲ್ಲಿಗೆ ಮುಗಿಯಿತು.

ಏಳರಲ್ಲಿ ಎರಡು. ಇದನ್ನೇ ನಂಬಿ ಕೂರಲು ಆಗುವುದಿಲ್ಲ. ಆದರೂ ಆನ್ ಮಾಡಿಟ್ಟಿದ್ದೇನೆ, ಕಾಸು ಖರ್ಚಿಲ್ಲವಲ್ಲ. ಇದರ ಪಕ್ಕದಲ್ಲೇ ಇರುವ ರಿಮೋಟ್ ಲಾಕ್ ನನಗೆ ಇದಕ್ಕಿಂತ ಜಾಸ್ತಿ ಹಿಡಿಸಿತು. ಆಂಡ್ರಾಯ್ಡ್.ಕಾಮ್/ಲಾಕ್ ಅಂತ ಯಾರ ಫೋನಿನಲ್ಲಾದರೂ ತೆರೆದು, ನಮ್ಮ ನಂಬರ್ ಹಾಕಿದರೆ ಸಾಕು. ಗೂಗಲ್ ಪಾಸ್‌ವರ್ಡ್ ಬೇಡ, ಯೆಸ್ ಒತ್ತುವ ಗೋಳಿಲ್ಲ. ಆದರೆ ಮೊದಲೇ ನಂಬರ್ ವೆರಿಫೈ ಮಾಡಿ ಆನ್ ಮಾಡಿಟ್ಟಿರಬೇಕು, ಕದ್ದ ಫೋನಿನಲ್ಲಿ ಇಂಟರ್ನೆಟ್ ಇನ್ನೂ ಬದುಕಿರಬೇಕು. ಟೀ ಅಂಗಡಿ ಮುಂದೆ ನನಗೆ ಬೇಕಿದ್ದದ್ದು ಇದೇ.

ಈಗ ನನ್ನ ಮೆಚ್ಚಿನ ಆ್ಯಪ್ ಲಾಕ್. ಶಿಯೋಮಿ, ರಿಯಲ್‌ಮಿ, ಒಪ್ಪೊ, ವಿವೋ, ಒನ್‌ಪ್ಲಸ್ ಎಲ್ಲದರಲ್ಲೂ ಸೆಟ್ಟಿಂಗ್ಸ್‌ನಲ್ಲೇ ಇರುತ್ತದೆ. ಮನೆಯ ಮುಂಬಾಗಿಲು ತೆರೆದಿದ್ದರೂ ಒಳಗಿನ ಬೀರುವಿಗೆ ಬೇರೆ ಬೀಗ ಇದ್ದ ಹಾಗೆ. ನಾನು ಬೀಗ ಹಾಕಿದ್ದು ಮೆಸೇಜಸ್, ಜಿಮೇಲ್, ವಾಟ್ಸ್‌ಆ್ಯಪ್, ಗ್ಯಾಲರಿ, ಸೆಟ್ಟಿಂಗ್ಸ್ ಈ ಐದಕ್ಕೆ. ಬ್ಯಾಂಕ್ ಆ್ಯಪ್‌ಗೆ ಅದರದೇ ಬೀಗ ಇರುತ್ತದೆ. ಆದರೆ ಪಾಸ್‌ವರ್ಡ್ ಮರೆತೆ ಅಂದರೆ ಹೊಸದು ಬರುವುದು ಜಿಮೇಲ್‌ಗೆ, ಒಟಿಪಿ ಬರುವುದು ಮೆಸೇಜಸ್‌ಗೆ. ಬೀಗದ ಕೈ ಗೊಂಚಲು ಇರುವುದೇ ಇವೆರಡರಲ್ಲಿ.

ಹಾಕಿ, ಬೀಗಿಕೊಂಡು, ತಮ್ಮನ ಕೈಗೆ ಕೊಟ್ಟೆ. ‘ನುಗ್ಗು ನೋಡೋಣ’ ಅಂದೆ. ಅರ್ಧ ನಿಮಿಷ ಹಿಡಿಯಲಿಲ್ಲ. ವಾಟ್ಸ್‌ಆ್ಯಪ್ ಒತ್ತಿದ, ತೆರೆದುಕೊಂಡಿತು! ಬೀಗ ಎಲ್ಲಿ ಹೋಯ್ತು? ಹುಡುಕಿದಾಗ ಗೊತ್ತಾಯಿತು, ನನ್ನ ಫೋನಿನಲ್ಲಿ ಬೀಗ ಮತ್ತೆ ಬೀಳುವುದು ‘ಸ್ಕ್ರೀನ್ ಆರಿದಾಗ’ ಅಂತ ಮೊದಲೇ ಇಟ್ಟಿರುತ್ತಾರೆ. ಬೆಳಿಗ್ಗೆ ನಾನು ಬೆರಳಿಟ್ಟು ವಾಟ್ಸ್‌ಆ್ಯಪ್ ತೆರೆದಿದ್ದರೆ, ಸ್ಕ್ರೀನ್ ಆರುವವರೆಗೆ ಅದು ಹಾರುಬಾಗಿಲು. ಕಿತ್ತುಕೊಂಡು ಹೋಗುವವನು ಮಾಡುವ ಮೊದಲ ಕೆಲಸವೇ ಸ್ಕ್ರೀನ್ ಆರದ ಹಾಗೆ ನೋಡಿಕೊಳ್ಳುವುದು, ಆಗಾಗ ಬೆರಳಾಡಿಸುತ್ತಾ ಇರುವುದು. ಅಂದರೆ ಯಾವ ಹೊತ್ತಿಗೆ ಬೀಗ ಬೇಕೋ ಅದೇ ಹೊತ್ತಿಗೆ ಇರುವುದಿಲ್ಲ. ಅದನ್ನು ‘ಆ್ಯಪ್ ಬಿಟ್ಟ ಕೂಡಲೇ’ ಅಂತ ಬದಲಿಸಿದೆ.

ಎರಡನೇ ಸುತ್ತು. ಈ ಸಲ ತಮ್ಮ ಆ್ಯಪ್ ಮುಟ್ಟಲೇ ಇಲ್ಲ. ತನ್ನ ಫೋನಿನಲ್ಲಿ ನನ್ನ ನಂಬರ್ ಹಾಕಿ ಯಾವುದೋ ಶಾಪಿಂಗ್ ಆ್ಯಪ್‌ಗೆ ಲಾಗಿನ್ ಕೊಟ್ಟ. ನನ್ನ ಫೋನಿನ ಮೇಲಿಂದ ನೋಟಿಫಿಕೇಶನ್ ಇಳಿಯಿತು. ಒಟಿಪಿ ಆರೂ ಅಂಕಿ ಢಾಳಾಗಿ, ಪಕ್ಕದಲ್ಲೊಂದು ಕಾಪಿ ಬಟನ್ ಬೇರೆ. ಮೆಸೇಜಸ್‌ಗೆ ಬೀಗ ಹಾಕಿ ಏನು ಬಂತು? ಅಷ್ಟರಲ್ಲಿ ಅಮ್ಮನ ವಾಟ್ಸ್‌ಆ್ಯಪ್ ಮೆಸೇಜ್ ಬಂತು. ಅದಕ್ಕೂ ನೋಟಿಫಿಕೇಶನ್‌ನಲ್ಲೇ ರಿಪ್ಲೈ ಒತ್ತಿ ‘ಸಾವಿರ ರೂಪಾಯಿ ಕಳಿಸಮ್ಮ’ ಅಂತ ಬರೆದೇಬಿಟ್ಟ. ಬಾಗಿಲಿಗೆ ಬೀಗ, ಕಿಟಕಿಗೆ ಸರಳೇ ಇಲ್ಲ!

ಕಿಟಕಿ ಮುಚ್ಚುವ ದಾರಿ ಆ್ಯಪ್ ಲಾಕ್‌ನ ಸೆಟ್ಟಿಂಗ್ಸ್ ಒಳಗೇ ಇದೆ. ಬೀಗ ಹಾಕಿದ ಆ್ಯಪ್‌ಗಳ ನೋಟಿಫಿಕೇಶನ್‌ನಲ್ಲಿ ಒಳಗಿನ ಮಾತು ತೋರಿಸಬೇಡ ಅನ್ನುವ ಆಯ್ಕೆ. ನನ್ನ ಫೋನಿನಲ್ಲಿ ಅದು ಒಂದೊಂದು ಆ್ಯಪ್‌ಗೂ ಬೇರೆ ಬೇರೆ ಇತ್ತು. ಹುಡುಕಿ ಹಾಕಲು ಒಂದು ಸಂಜೆ ಹಿಡಿಯಿತು. ಈಗ ‘ಹೊಸ ಮೆಸೇಜ್ ಬಂದಿದೆ’ ಅಂತಷ್ಟೇ ಬರುತ್ತದೆ.

ಇದರ ಕಿರಿಕಿರಿಯನ್ನೂ ಹೇಳದಿದ್ದರೆ ಮೋಸವಾಗುತ್ತದೆ. ಒಟಿಪಿ ತಾನೇ ತುಂಬಿಕೊಳ್ಳುವ ಆ್ಯಪ್‌ಗಳಲ್ಲಿ ತೊಂದರೆ ಇಲ್ಲ. ಉಳಿದ ಕಡೆ ಮೆಸೇಜಸ್‌ಗೆ ಹೋಗಿ, ಬೆರಳಿಟ್ಟು, ಆರು ಅಂಕಿ ಬಾಯಿಪಾಠ ಮಾಡಿ, ವಾಪಸ್ ಬಂದು ತುಂಬಬೇಕು. ಒಗ್ಗರಣೆ ಹಾಕುವಾಗ ಗ್ಯಾಸ್ ಸಿಲಿಂಡರಿನವರು ಬಾಗಿಲಲ್ಲಿ ನಿಂತು ‘ಕೋಡ್ ಹೇಳಿ’ ಅಂದರೆ ಒದ್ದೆ ಬೆರಳನ್ನು ಸೆನ್ಸರ್ ಒಪ್ಪುವುದೇ ಇಲ್ಲ. ತತ್ಕಾಲ್ ಟಿಕೆಟ್ ಮಾಡುವ ದಿನ ಮಾತ್ರ ಮೆಸೇಜಸ್ ಬೀಗ ತೆಗೆದಿಡುತ್ತೇನೆ, ಸುಳ್ಳು ಯಾಕೆ ಹೇಳಲಿ.

ಇನ್ನೊಂದು ಮಾತು. ಆ್ಯಪ್ ಲಾಕ್ ಪಿನ್ ಸ್ಕ್ರೀನ್ ಪಿನ್‌ಗಿಂತ ಬೇರೆ ಇರಲಿ. ಬಸ್ಸಿನಲ್ಲಿ ಭುಜದ ಮೇಲಿಂದ ಪಿನ್ ನೋಡಿದವನಿಗೆ ಎರಡೂ ಒಂದೇ ಆದರೆ ಬೀಗ ಹಾಕಿಯೂ ಹಾಕದ ಹಾಗೆ. ಪ್ಲೇಸ್ಟೋರಿನಿಂದ ಯಾವುದೋ ಆ್ಯಪ್ ಲಾಕರ್ ಇಳಿಸಿಕೊಳ್ಳಬೇಡಿ. ಒಂದು ವಾರ ಬಳಸಿದೆ, ಬೀಗಕ್ಕಿಂತ ಜಾಹೀರಾತೇ ಜಾಸ್ತಿ. ತಮ್ಮ ಸೀದಾ ಅದನ್ನೇ ಅನ್‌ಇನ್‌ಸ್ಟಾಲ್ ಮಾಡಿ ಕೈ ತೊಳೆದುಕೊಂಡ. ಆ್ಯಪ್ ಲಾಕ್ ಇಲ್ಲದ ಫೋನಿನವರು ವಾಟ್ಸ್‌ಆ್ಯಪ್‌ನ ಪ್ರೈವಸಿಯಲ್ಲಿರುವ ಅದರದೇ ಬೆರಳಚ್ಚು ಬೀಗವನ್ನಾದರೂ ‘ತಕ್ಷಣ’ ಅಂತ ಹಾಕಿಕೊಳ್ಳಬಹುದು.

ಪ್ರೈವೇಟ್ ಸ್ಪೇಸ್ ಆಂಡ್ರಾಯ್ಡ್ 15ರ ಜೊತೆ ಬಂದದ್ದು. ಸ್ಯಾಮ್‌ಸಂಗ್‌ನವರಿಗೆ ಇದೇ ಜಾತಿಯ ಸೆಕ್ಯೂರ್ ಫೋಲ್ಡರ್ ಬಹಳ ಹಿಂದಿನಿಂದ ಇದೆ. ಫೋನಿನೊಳಗೆ ಇನ್ನೊಂದು ಗುಪ್ತ ಫೋನ್ ಇದ್ದ ಹಾಗೆ, ಬೇರೆ ಬೀಗ, ಬೇರೆ ಗೂಗಲ್ ಅಕೌಂಟ್. ಬೇಕಾದರೆ ಆ ಕೋಣೆ ಇದೆ ಅನ್ನುವುದೇ ಕಾಣದ ಹಾಗೆ ಮಾಡಬಹುದು. ಭದ್ರತೆಯಲ್ಲಿ ಆ್ಯಪ್ ಲಾಕ್‌ಗಿಂತ ಇದೇ ಗಟ್ಟಿ. ಆದರೆ ಬೀಗ ಬಿದ್ದ ಮೇಲೆ ಒಳಗಿನ ಆ್ಯಪ್‌ಗಳು ನಿದ್ದೆ ಹೋಗುತ್ತವೆ, ನೋಟಿಫಿಕೇಶನ್ ಬರುವುದೇ ಇಲ್ಲ. ಕ್ರೆಡಿಟ್ ಕಾರ್ಡ್ ಆ್ಯಪ್ ಒಳಗಿಟ್ಟು ಬಿಲ್ಲಿನ ದಿನ ಮರೆತೆ, ದಂಡ ಕಟ್ಟಿದೆ. ವಾಟ್ಸ್‌ಆ್ಯಪ್, ಮೆಸೇಜಸ್‌ನಂಥ ದಿನಬಳಕೆಯವನ್ನು ಅಲ್ಲಿಡಲು ಆಗುವುದೇ ಇಲ್ಲ, ನನಗೆ ಬೀಗ ಬೇಕಿದ್ದದ್ದು ಅವಕ್ಕೇ. ಫೋನ್ ಬದಲಿಸುವಾಗ ಒಳಗಿನದು ತಾನಾಗಿ ಹೊಸ ಫೋನಿಗೆ ಬರುವುದಿಲ್ಲ, ಅದೂ ನೆನಪಿರಲಿ. ಈಗ ಅಲ್ಲಿರುವುದು ತಿಂಗಳಿಗೊಮ್ಮೆ ತೆರೆಯುವ ಒಂದು ಬ್ಯಾಂಕ್ ಆ್ಯಪ್ ಮಾತ್ರ. ಗ್ಯಾಲರಿಯಲ್ಲಿದ್ದ ಆಧಾರ್, ಪ್ಯಾನ್ ಫೋಟೋಗಳನ್ನು ಅಳಿಸಿ ಡಿಜಿಲಾಕರ್ ಬಳಸುತ್ತಿದ್ದೇನೆ. ‘ಎಟಿಎಂ ಶಂಕರ್’ ಅಂತ ಕಾಂಟ್ಯಾಕ್ಟಿನಲ್ಲಿದ್ದ ನಂಬರನ್ನೂ ಅಳಿಸಿದೆ. ಅದರ ಕೊನೆಯ ನಾಲ್ಕು ಅಂಕಿ ಏನು ಅಂತ ನಿಮಗೆ ಗೊತ್ತಾಗಿರಬೇಕು.

ಐಫೋನ್? ಅಕ್ಕನದು, ಒಂದು ವಾರ ಬಳಸಿದೆ. 2024ರ ಜನವರಿಯಲ್ಲಿ ಐಒಎಸ್ 17.3ರಲ್ಲಿ ಬಂದ ಸ್ಟೋಲನ್ ಡಿವೈಸ್ ಪ್ರೊಟೆಕ್ಷನ್ ನಿಜಕ್ಕೂ ಚೆನ್ನಾಗಿದೆ. ಮನೆ, ಆಫೀಸಿನಂಥ ಪರಿಚಿತ ಜಾಗದಿಂದ ಹೊರಗಿದ್ದಾಗ ಅಕೌಂಟ್ ಪಾಸ್‌ವರ್ಡ್ ಬದಲಿಸಬೇಕಾದರೆ ಮುಖ ತೋರಿಸಬೇಕು, ಒಂದು ಗಂಟೆ ಕಾಯಬೇಕು, ಮತ್ತೆ ಮುಖ ತೋರಿಸಬೇಕು. ಅಷ್ಟರಲ್ಲಿ ನಾವು ಎಚ್ಚೆತ್ತುಕೊಳ್ಳಬಹುದು. ಐಒಎಸ್ 18ರಿಂದ ಒಂದೊಂದು ಆ್ಯಪ್‌ಗೂ ಬೀಗ ಇದೆ, ಬೀಗ ಹಾಕಿದರೆ ನೋಟಿಫಿಕೇಶನ್‌ನ ಒಳಗಿನದು ತಾನೇ ಮುಚ್ಚಿಕೊಳ್ಳುತ್ತದೆ. ನಾನು ಒಂದು ಸಂಜೆ ಒದ್ದಾಡಿದ್ದನ್ನು ಅದು ಕೇಳದೆಯೇ ಮಾಡುತ್ತದೆ. ಕಳೆದ ಫೋನ್ ಹುಡುಕುವ ಅವರ ವೆಬ್‌ಸೈಟಿಗೆ ಬೇರೆ ಫೋನಿನಿಂದ ಹೋದರೂ ಒಟಿಪಿ ಕೇಳುವುದಿಲ್ಲ. ಎಲ್ಲ ಸರಿ, ನನ್ನ ಜೇಬಿಗೆ ಸರಿ ಇಲ್ಲ. ಕಿತ್ತುಕೊಂಡು ಹೋಗುತ್ತಾರೆ ಅನ್ನುವ ಭಯಕ್ಕೆ ಇನ್ನೂ ದುಬಾರಿ ಫೋನ್ ಕೈಯಲ್ಲಿ ಹಿಡಿದು ಅದೇ ಸ್ಟಾಪಿನಲ್ಲಿ ನಿಲ್ಲುವುದು ಯಾವ ಲೆಕ್ಕ?

ಅಪ್ಪನದು ಹಳೇ ಪದ್ಧತಿ. ಉಳಿತಾಯದ ದುಡ್ಡಿರುವ ಖಾತೆಗೆ ಜೋಡಿಸಿದ ಸಿಮ್ ಮನೆಯಲ್ಲಿರುವ ಕೀಪ್ಯಾಡ್ ಫೋನಿನಲ್ಲಿ, ಫೋನು ಬೀರುವಿನಲ್ಲಿ. ಜೇಬಿನ ಫೋನಿನ ಯುಪಿಐಗೆ ಬೇರೆ ಖಾತೆ, ಅದರಲ್ಲಿ ಮೂರು ಸಾವಿರ ದಾಟುವುದಿಲ್ಲ. ಇದನ್ನು ಯಾವ ಕಳ್ಳನೂ ಮುರಿಯಲಾರ. ತಾಪತ್ರಯ ಏನೆಂದರೆ, ಹೊರಗಿದ್ದಾಗ ಒಟಿಪಿ ಬೇಕಾದರೆ ಅಮ್ಮನಿಗೆ ಫೋನ್ ಮಾಡಬೇಕು. ಅಮ್ಮ ಕನ್ನಡಕ ಹುಡುಕಿ, ‘ಇದನ್ನು ಯಾರಿಗೂ ಹೇಳಬೇಡಿ ಅಂತ ಬರೆದಿದಾರಲ್ಲೋ’ ಅಂತ ಶುರು ಮಾಡಿ, ದಿನಾಂಕ, ರೂಪಾಯಿ ಎಲ್ಲ ಓದಿ ಒಟಿಪಿಗೆ ಬರುವಷ್ಟರಲ್ಲಿ ಸಮಯ ಮೀರಿರುತ್ತದೆ. ಮೇಲೆ ಎರಡೆರಡು ರೀಚಾರ್ಜ್. ಆದರೂ ಎರಡು ಖಾತೆಯ ಉಪಾಯವನ್ನು ನಾನೂ ಹಿಡಿದಿದ್ದೇನೆ.

ಇವು ಯಾವುದರ ಕೈಗೂ ಸಿಗದ ತೂತು ಒಂದಿದೆ, ಸಿಮ್. ಅದನ್ನು ಕಿತ್ತು ಬೇರೆ ಫೋನಿಗೆ ಹಾಕಿದರೆ ನಮ್ಮ ಒಟಿಪಿ ಎಲ್ಲ ಅಲ್ಲಿಗೆ. ಸೆಟ್ಟಿಂಗ್ಸ್‌ನಲ್ಲಿ ಸಿಮ್ ಪಿನ್ ಹಾಕಿಡಿ, ಬೇರೆ ಫೋನಿಗೆ ಹಾಕಿದರೂ ಸಿಮ್ ಅದನ್ನು ಕೇಳುತ್ತದೆ. ಮೂರು ಸಲ ತಪ್ಪಿದರೆ ಬೀಗ ಬಿದ್ದ ಸಿಮ್ ತೆರೆಯುವ ಎಂಟಂಕಿಯ ಪಿಯುಕೆ ಕೋಡ್ ಕೇಳುತ್ತದೆ, ಸುಮ್ನೆ ಊಹಿಸಿ ಒತ್ತಬೇಡಿ.

ಇನ್ನು, ಕಳೆದ ಫೋನಿನ ಐಎಂಇಐ (ಒಂದೊಂದು ಫೋನಿಗೂ ಇರುವ ಗುರುತಿನ ನಂಬರ್) ಬ್ಲಾಕ್ ಮಾಡಿಸಲು ಸರ್ಕಾರದ ಸಂಚಾರ್ ಸಾಥಿ ವೆಬ್‌ಸೈಟ್ ಇದೆ. ಪೊಲೀಸ್ ದೂರಿನ ಪ್ರತಿ ಬೇಕು, ಕಳೆದ ನಂಬರಿನ ಹೊಸ ಸಿಮ್‌ಗೆ ಒಟಿಪಿ ಬರಬೇಕು. ಆದರೆ ಡೂಪ್ಲಿಕೇಟ್ ಸಿಮ್ ಶುರುವಾದ ಮೇಲೆ 24 ಗಂಟೆ ಎಸ್ಸೆಮ್ಮೆಸ್ ಬರುವುದಿಲ್ಲ, ಕಳ್ಳರು ನಮ್ಮ ಹೆಸರಲ್ಲಿ ಸಿಮ್ ತೆಗೆದು ಒಟಿಪಿ ಹೊಡೆಯಬಾರದು ಅಂತ ಮಾಡಿದ ನಿಯಮ. ಆ ಒಂದು ದಿನ ನಾನು ಐದೈದು ನಿಮಿಷಕ್ಕೆ ಇನ್‌ಬಾಕ್ಸ್ ನೋಡಿಕೊಂಡು ಕೂತಿದ್ದೆ. ನೀವು ಕೂರಬೇಡಿ. ಐಎಂಇಐ ಮಾತ್ರ ಈಗಲೇ *#06# ಒತ್ತಿ ಕಾಗದದ ಮೇಲೆ ಬರೆದಿಡಿ. ಗೂಗಲ್‌ನ ಬ್ಯಾಕಪ್ ಕೋಡ್‌ಗಳನ್ನೂ ಅದೇ ಕಾಗದದಲ್ಲಿ ಬರೆದು ಮನೆಯಲ್ಲಿಡಿ, ಯೆಸ್ ಒತ್ತುವ ಗೋಳು ತಪ್ಪುತ್ತದೆ.

ಚಿಕ್ಕಪ್ಪನ 8,000 ರೂಪಾಯಿ ಬಗ್ಗೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ದೂರು ಕೊಟ್ಟೆವು. ಅದು ಸಿಗುವವರೆಗೆ ಕಾಯಲು ಮುಖವಿಲ್ಲದೆ ನಾನೇ ಕೊಟ್ಟುಬಿಟ್ಟೆ. ಹೋದ ತಿಂಗಳು ನಿಜವಾಗಿಯೂ ಎರಡು ಸಾವಿರ ಬೇಕಾಗಿ ಅವರಿಗೆ ಮೆಸೇಜ್ ಹಾಕಿದೆ. ಉತ್ತರ ಬರಲಿಲ್ಲ. ಹತ್ತು ನಿಮಿಷ ಬಿಟ್ಟು ಅಮ್ಮನ ಫೋನ್ ಬಂತು: ‘ಏನೋ, ಮತ್ತೆ ಫೋನ್ ಕಳ್ಕೊಂಡ್ಯಾ?’